ಚೀಲದ ಒಳಮೈ ತಿರುಗಿಸಿ ನೋಡಿ

ಈ ಸಲದ ಅಂಚೆ ನೋಡಿ ನನಗೇ ಆಶ್ಚರ್ಯ. ನನಗೆ ಬರುವ ಪತ್ರಗಳೆಂದರೆ ಶಾಲೆ ಚೀಲದ ಪಟ್ಟಿ, ಸೂಟ್‌ಕೇಸಿನ ಚಕ್ರ, ಲ್ಯಾಪ್‌ಟಾಪ್ ಚೀಲದ ಜಿಪ್, ಇಷ್ಟೇ. ಈ ಬಾರಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಒಂದೇ ಆಟದ ಬಗ್ಗೆ ಪತ್ರ ಬಂದಿವೆ. ಡಿಸ್ಕ್ ಗಾಲ್ಫ್ ಅಂತೆ. ಆದ್ದರಿಂದ ಗೃಹಿಣಿಯರ ಟ್ರಾವೆಲ್ ಬ್ಯಾಗುಗಳಿಗೆ ಮುಂದಿನ ಸಂಚಿಕೆಯವರೆಗೆ ಬಿಡುವು.

ಹೊಸದಾಗಿ ಓದುವವರಿಗೆ ನನ್ನ ಪರಿಚಯ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚೀಲ ಹೊಲಿಯುವ, ರಿಪೇರಿ ಮಾಡುವ ಅಂಗಡಿ ಇಟ್ಟವಳು. ಅದಕ್ಕೆ ಮೊದಲು ಹನ್ನೆರಡು ವರ್ಷ ಜೀನ್ಸ್ ಘಟಕಗಳಲ್ಲಿ ಪೀಸ್ ಲೆಕ್ಕಕ್ಕೆ ದುಡಿದೆ. ಕೊನೆಯ ಐದು ವರ್ಷ ಬಾರ್‌ಟ್ಯಾಕ್ ಯಂತ್ರದ ಮುಂದೆ. ಪ್ಯಾಂಟಿನ ಜೇಬಿನ ಮೂಲೆಯಲ್ಲಿ, ಬೆಲ್ಟ್ ತೂರಿಸುವ ಪಟ್ಟಿಯ ತುದಿಯಲ್ಲಿ ಒತ್ತೊತ್ತಾಗಿ ಗಂಟಿನಂತೆ ಕೂತಿರುತ್ತದಲ್ಲ ಆ ಹೊಲಿಗೆ, ಅದೇ ಬಾರ್‌ಟ್ಯಾಕ್. ಕೆಳಗೆ ಅದರ ಹೆಸರು ಹಲವು ಸಲ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

*

ಅಕ್ಕಾ, ನಮಸ್ಕಾರ. ನಮ್ಮ ಭಾವ ಅಮೆರಿಕದಲ್ಲಿದ್ದಾರೆ. ಹೋದ ವರ್ಷ ಬಂದಾಗ ಡಿಸ್ಕ್ ಗಾಲ್ಫಿನ 14 ಡಿಸ್ಕ್ ತಂದುಕೊಟ್ಟು ಆಟ ಕಲಿಸಿ ಹೋದರು. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಬುಟ್ಟಿ ಮಾಡಿಸಿಕೊಂಡು ಭಾನುವಾರ ಬೆಳಗ್ಗೆ ಐದಾರು ಗೆಳೆಯರು ಊರ ಹೊರಗಿನ ಬಯಲಿನಲ್ಲಿ ಆಡುತ್ತೇವೆ. ಕಾಲೇಜಿನ ಚೀಲದಲ್ಲೇ ಡಿಸ್ಕ್ ಹೊರುತ್ತಿದ್ದೆ, ಅದರ ಬಲಪಟ್ಟಿ ಬುಡದಲ್ಲಿ ಕಿತ್ತುಬಂತು. ದೀಪಾವಳಿಗೆ ಭಾವ ಮತ್ತೆ ಬರುತ್ತಿದ್ದಾರೆ. ಈ ಆಟಕ್ಕೆಂದೇ ಮಾಡಿದ ಬೆನ್ನುಚೀಲ ತರುತ್ತೇನೆ, ಆರಿಸು ಎಂದು ಎರಡರ ಚಿತ್ರ ಕಳಿಸಿದ್ದಾರೆ. ಒಂದಕ್ಕೆ 11 ಜೇಬು, 25 ಡಿಸ್ಕ್ ಹಿಡಿಯುತ್ತದೆ, ಬೆಲೆ ಕಡಿಮೆ. ಇನ್ನೊಂದು ಸಾದಾ, 20 ಡಿಸ್ಕ್, ಜೇಬು ನಾಲ್ಕೇ, ಬೆಲೆ ಮಾತ್ರ ಎರಡರಷ್ಟು. ಯಾವುದನ್ನು ಹೇಳಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸತ್ಯನಾರಾಯಣಪೇಟೆ, ಬಳ್ಳಾರಿ

ತಮ್ಮಾ, ಪತ್ರ ಓದಿ ನಿನ್ನನ್ನೇ ಅಂಗಡಿಗೆ ಕರೆಸಿದ್ದೆ. ಒಳಗೆ ಹೋಗುವ ಸಾಮಾನು ನೋಡದೆ ಚೀಲದ ಮಾತಾಡುವುದು, ಕಾಲು ನೋಡದೆ ಚಪ್ಪಲಿ ಹೊಲಿದಂತೆ. ನೀನು ಕಿತ್ತುಹೋದ ಚೀಲವನ್ನೂ 14 ಡಿಸ್ಕುಗಳನ್ನೂ ತಂದು ನನ್ನ ಕಟಿಂಗ್ ಮೇಜಿನ ಮೇಲೆ ಸುರಿದೆ. ನಮ್ಮಿಬ್ಬರ ನಡುವೆ ಆದ ಮಾತನ್ನೇ ಉಳಿದ ಓದುಗರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತೇನೆ.

ಮೊದಲು ಆಟ. ಗಾಲ್ಫ್ ಎಂದರೆ ಕೋಲು, ಚೆಂಡು, ಗುಂಡಿ. ಇದರಲ್ಲಿ ಮೂರೂ ಇಲ್ಲ. ಪ್ಲಾಸ್ಟಿಕ್ ಡಿಸ್ಕನ್ನು ದೂರದಿಂದ ಎಸೆಯುತ್ತಾ ಹೋಗಿ, ಕೊನೆಗೆ ಸರಪಳಿ ಇಳಿಬಿಟ್ಟ ಕಂಬದ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಆ ಸರಪಳಿ ಬುಟ್ಟಿಯನ್ನು ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಅವರು ಈ ಆಟಕ್ಕೆ ಕಾಯಂ ಅಂಗಳ ಮಾಡಿದರು, ಮರುವರ್ಷ ಆಟಗಾರರ ಸಂಘ ಕಟ್ಟಿದರು. 2002ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕುಗಳನ್ನೇ ಮಾಡಿದರು. ನಮ್ಮವರು ತುಂಗಭದ್ರೆಗೆ ಬಿಡುತ್ತಾರೆ, ಆ ಪುಣ್ಯಾತ್ಮ ಗಾಳಿಗೆ ಬಿಡಿಸಿಕೊಂಡ.

ಇನ್ನು ನಿನ್ನ ಡಿಸ್ಕು. ಅಗಲದಲ್ಲಿ ನಮ್ಮ ತಿಂಡಿ ತಟ್ಟೆಯಷ್ಟು, 21 ಸೆಂಟಿಮೀಟರ್ ಮತ್ತು ಸ್ವಲ್ಪ. ಒಂದರ ಬೆನ್ನಿಗೆ ಪೆನ್ನಿನಿಂದ 174 ಎಂದು ಬರೆದಿತ್ತು. ಏನದು ಎಂದರೆ ತೂಕ ಎಂದೆ. ನನಗೆ ನಂಬಿಕೆ ಬರಲಿಲ್ಲ, ಪಕ್ಕದ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಇಡಿಸಿದೆ. ಸರಿಯಾಗಿ 174 ಗ್ರಾಂ. ಆ ಪ್ರಾಮಾಣಿಕತೆ ಚೀಲ ಮಾಡುವವರಿಗೂ ಬರಲಿ ಎಂದು ಬೆಳ್ಳಿ ಅಂಗಡಿಯವರು ನಕ್ಕರು. ಅವರಿಗೆ ಮಾರಿದ ಚೀಲ ನನ್ನದೇ ಆದ್ದರಿಂದ ನಾನು ನಗಲಿಲ್ಲ.

ಈಗ ಲೆಕ್ಕ ಹಾಕು. ಇಪ್ಪತ್ತು ಡಿಸ್ಕ್ ಎಂದರೆ ಮೂರೂವರೆ ಕಿಲೋ. ನಮ್ಮ ಬಿಸಿಲಿಗೆ ಎರಡು ಲೀಟರ್ ನೀರು ಬೇಡವೇ, ಅದು ಎರಡು ಕಿಲೋ. ಟವೆಲ್, ಟೋಪಿ, ಮೊಬೈಲ್, ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ. ಇಂಥ ಚೀಲದ ಸ್ವಂತ ತೂಕವೇ ಒಂದೂವರೆ, ಎರಡು ಕಿಲೋ. ಎಲ್ಲ ಸೇರಿ ಏಳೂವರೆ, ಎಂಟರ ಹತ್ತಿರ ಬಂತು. ಹೊರಲಾಗದ ಭಾರವೇನಲ್ಲ. ಚಾರಣಕ್ಕೆ ಹೋಗುವವರು ಇದರ ಎರಡರಷ್ಟು ಹೊರುತ್ತಾರೆ. ಆದರೆ ಚಾರಣದವರು ಬೆಳಗ್ಗೆ ಹೆಗಲಿಗೇರಿಸಿದರೆ ಊಟದ ಹೊತ್ತಿಗೆ ಇಳಿಸುತ್ತಾರೆ. ನೀವು ಪ್ರತಿ ಎಸೆತಕ್ಕೂ ಇಳಿಸುತ್ತೀರಿ. ಹದಿನೆಂಟು ಬುಟ್ಟಿಯ ಆಟ, ಬುಟ್ಟಿಗೆ ಮೂರು ಎಸೆತ ಎಂದರೂ ಐವತ್ತು ದಾಟಿತು. ಐವತ್ತು ಸಲ ನೆಲಕ್ಕೆ ಕುಕ್ಕುವುದು, ಐವತ್ತು ಸಲ ಒಂದೇ ಪಟ್ಟಿ ಹಿಡಿದು ಜಗ್ಗಿ ಒಂದೇ ಹೆಗಲಿಗೆ ಬೀಸಿ ಹಾಕುವುದು. ಬೀಸಿದಾಗ ಎಂಟು ಕಿಲೋ ಎಂಟೇ ಕಿಲೋ ಆಗಿ ಎಳೆಯುವುದಿಲ್ಲ. ನಿನ್ನ ಎಡಪಟ್ಟಿ ಹೊಸದರಂತೆ ಇದ್ದು ಬಲಪಟ್ಟಿ ಕಿತ್ತುಬಂದದ್ದು ಅದಕ್ಕೇ.

ಆ ಚೀಲದ ಒಳಮೈ ತಿರುಗಿಸಿದಾಗ ನೀನು ಮೊಬೈಲ್ ನೋಡುತ್ತಿದ್ದೆ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಕೇಳು. ದಾರ ಹರಿದಿರಲಿಲ್ಲ. ಎರಡು ಸಾಲು ಹೊಲಿಗೆ ಹಾಗೇ ನೆಟ್ಟಗೆ ಕೂತಿತ್ತು. ಜಾರಿದ್ದು ಬಟ್ಟೆ. ಪಟ್ಟಿಯನ್ನು ಹೊಲಿಗೆಯೊಳಗೆ ಒಂದು ಬೆರಳ ಉಗುರಿನಷ್ಟು ಮಾತ್ರ ತೂರಿಸಿದ್ದರು. ಬಟ್ಟೆಯ ಅಂಚನ್ನು ಮುಚ್ಚಿ ಹೊಲಿಯುವ ಪಟ್ಟಿ, ಅಂದರೆ ಪೈಪಿಂಗ್, ಇರಲಿಲ್ಲ. ಅಂಚು ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಾ ಬಂದು, ಒಂದು ಭಾನುವಾರ ಪಟ್ಟಿ ನಿನ್ನ ಕೈಗೆ ಬಂತು. ಹೊರಗಿನಿಂದ ನೋಡಿದರೆ ಆ ಜಾಗದಲ್ಲಿ ಕಂಪನಿಯ ಹೆಸರಿನ ರಬ್ಬರ್ ಬಿಲ್ಲೆ, ಏನು ಚೆಂದ!

ನನ್ನ ಮೇಜಿಗೆ ಬರುವ ಚೀಲಗಳು ಸಾಯುವುದು ಮೂರು ಕಡೆ. ಪಟ್ಟಿಯ ಬುಡ, ಜಿಪ್, ತಳದ ಮೂಲೆ. ನಟ್ಟನಡುವೆ ಬಟ್ಟೆ ಹರಿದು ಬಂದ ಚೀಲ ಅಪರೂಪ, ಅದೂ ಜಾಲಿ ಮುಳ್ಳಿಗೆ ಸಿಕ್ಕಿದ್ದು. ಆದರೆ ಅಂಗಡಿಯವರು ನಮಗೆ ತೋರಿಸುವುದು ಬಟ್ಟೆಯನ್ನು, ಎಣಿಸಿ ಹೇಳುವುದು ಜೇಬನ್ನು.

ಜೇಬಿನ ವಿಷಯಕ್ಕೇ ಬರೋಣ. ಒಂದು ಜೇಬು ಎಂದರೆ ಒಂದು ಜಿಪ್, ಅದನ್ನು ಎಳೆಯುವ ರನ್ನರ್, ನಾಲ್ಕು ಬದಿ ಹೊಲಿಗೆ, ಒಂದು ಅಸ್ತರು. ಹನ್ನೊಂದು ಜೇಬಿಗೆ ಇಷ್ಟೂ ಮಾಡಿ ಅರ್ಧ ಬೆಲೆಗೆ ಕೊಡಬೇಕೆಂದರೆ ಎಲ್ಲೋ ಉಳಿಸಲೇಬೇಕು. ಹೊರಗೆ ಉಳಿಸಿದರೆ ಕಾಣುತ್ತದೆ. ಪೀಸ್ ಲೆಕ್ಕದಲ್ಲಿ ಕೂತವರಿಗೆ ಗೊತ್ತು, ಕೈ ಮೊದಲು ಅವಸರ ಮಾಡುವುದು ಗಿರಾಕಿ ನೋಡದ ಕಡೆ. ಬಾರ್‌ಟ್ಯಾಕ್ ಹಾಕಬೇಕಾದಲ್ಲಿ ಹಿಂದೆ ಮುಂದೆ ಎರಡು ಸಲ ಓಡಿಸಿ ಬಿಡುವುದು, ಪೈಪಿಂಗ್ ಬಿಡುವುದು, ಹೊಲಿಗೆಯಾಚೆ ಬಿಡಬೇಕಾದ ಬಟ್ಟೆಯ ಮಾರ್ಜಿನ್ ಕಚ್ಚುವುದು. ನಾನೂ ಮಾಡಿದ್ದೇನೆ. ನಿನಗೆ ಬೇಕಾದ ಜೇಬು ಎಷ್ಟು? ಬುಟ್ಟಿಯ ಹತ್ತಿರ ಎಸೆಯುವ ಪಟರ್ ಡಿಸ್ಕನ್ನು ಬಗ್ಗದೆ ಎಳೆದುಕೊಳ್ಳಲು ಮೇಲೊಂದು, ನೀರಿಗೆ ಎರಡು ಮಗ್ಗುಲಲ್ಲಿ ಒಂದೊಂದು, ಮೊಬೈಲಿಗೂ ಕೀಲಿಗೂ ಒಂದು. ನಾಲ್ಕಾಯಿತು.

ಅಂದರೆ ನನ್ನ ಒಲವು ಸಾದಾ ಚೀಲದ ಕಡೆಗೆ. ಆದರೆ ದುಬಾರಿಯಾದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಭಾವನವರು ಅಂಗಡಿಗೇ ಹೋಗಿ ಕೈಯಾಡಿಸಿ ನೋಡಲಿ. ಮೊದಲು ಹೆಗಲಪಟ್ಟಿಯ ಮೇಲಿನ ಬುಡ. ಅಲ್ಲಿ ಚೌಕದೊಳಗೆ ಅಡ್ಡ ಗೀಟು ಹಾಕಿದಂತೆ ಹೊಲಿಗೆ ಇರಬೇಕು, ಇಲ್ಲವೇ ಬಾರ್‌ಟ್ಯಾಕ್ ಸಾಲು ಇರಬೇಕು. ಪಟ್ಟಿಯನ್ನು ಪಕ್ಕಕ್ಕೆ ಜಗ್ಗಿದರೆ ಹೊಲಿಗೆಯ ನಡುವೆ ಬೆಳಕಿಂಡಿ ಕಾಣಬಾರದು. ಆಮೇಲೆ ಮೇಲಿನ ಕೈಹಿಡಿ. ಈ ಆಟದಲ್ಲಿ ಹೆಗಲಪಟ್ಟಿಗಿಂತ ಹೆಚ್ಚು ಕೆಲಸ ಅದಕ್ಕೇ, ಆದರೂ ಎಷ್ಟೋ ಚೀಲಗಳಲ್ಲಿ ಅದೊಂದು ಬಡಪಾಯಿ ಪಟ್ಟಿ. ಎರಡು ಬೆರಳಗಲ ಇರಲಿ, ಒಳಗೆ ಸ್ವಲ್ಪ ಮೆತ್ತೆ ಇರಲಿ, ಬುಡ ಚೀಲದ ಬೆನ್ನಿನ ಗಟ್ಟಿ ಭಾಗಕ್ಕೆ ಕೂಡಿರಲಿ. ಆಮೇಲೆ ತಳ. ತುಂಬಿದ ಚೀಲವನ್ನು ನೆಲಕ್ಕಿಟ್ಟು ಕೈಬಿಟ್ಟರೆ ನಿಲ್ಲಬೇಕು. ಕುಡಿದವನಂತೆ ಮಗ್ಗುಲಾದರೆ ಆಟದುದ್ದಕ್ಕೂ ಅದನ್ನು ಎಬ್ಬಿಸುವುದೇ ನಿನ್ನ ಕೆಲಸ. ತಳಕ್ಕೆ ಬೇರೆ ಗಡಸು ಬಟ್ಟೆ ಇದ್ದರೆ, ರಬ್ಬರಿನ ಪಾದ ಇದ್ದರೆ ಒಳ್ಳೆಯದು. ನಮ್ಮ ಎರೆಮಣ್ಣು ಒಂದು ಮಳೆಗೆ ಹೇಗೆ ಅಂಟುತ್ತದೆಂದು ನಿನಗೆ ಹೇಳಬೇಕೇ. ಒರೆಸಿದರೆ ಹೋಗುವಂತಿರಲಿ.

ಹೆಗಲಪಟ್ಟಿಯ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು ನೋಡಲಿ. ಒತ್ತಿದಾಗ ಎರಡು ಬೆರಳು ಒಂದಕ್ಕೊಂದು ತಾಗಿದಂತಾದರೆ ಅದು ಅಗ್ಗದ ಸ್ಪಂಜು. ಒಂದು ಬೇಸಿಗೆ ಕಳೆದರೆ ದೋಸೆ. ಎದೆಯ ಮೇಲೆ ಎರಡೂ ಪಟ್ಟಿಯನ್ನು ಕೂಡಿಸುವ ಸಣ್ಣ ಬಕಲ್ ಇರಲಿ. ಸೊಂಟದ ಪಟ್ಟಿ ಬೇಕೇ ಎಂದು ಕೇಳಿದ್ದೆ. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುತ್ತದೆ, ನಿಜ. ಆದರೆ ಐವತ್ತು ಸಲ ಬಿಚ್ಚಿ ಕಟ್ಟುವ ತಾಳ್ಮೆ ನಿನ್ನಲ್ಲಿ ನನಗೆ ಕಾಣಲಿಲ್ಲ.

ಬಾಯಿ ತೆರೆಯುವ ರೀತಿ ನೋಡು. ಡಿಸ್ಕುಗಳು ಒಂದರ ಮೇಲೊಂದು ಮಲಗಬಾರದು. ಗೂಡಿನಲ್ಲಿ ತಟ್ಟೆ ಜೋಡಿಸಿದಂತೆ ಅಂಚು ಮೇಲಾಗಿ ನಿಲ್ಲಬೇಕು, ಮುಂದಿನ ಮುಚ್ಚಳ ತೆರೆದರೆ ಎಲ್ಲದರ ಅಂಚೂ ಕಾಣಬೇಕು. ನನ್ನ ಅಡುಗೆಮನೆಯ ಹತ್ತು ಸ್ಟೀಲ್ ತಟ್ಟೆ ತಂದು ಚೀಲದಲ್ಲಿ ನಿಲ್ಲಿಸಿ ತೋರಿಸಿದೆನಲ್ಲ, ಹಾಗೆ. ಒಳಗೆ ಒಂದೆರಡು ತಡಿಕೆ ಇರಲಿ, ಇಲ್ಲದಿದ್ದರೆ ಅರ್ಧ ತುಂಬಿದಾಗ ಉಳಿದವು ಕುಣಿಯುತ್ತವೆ.

ಜಿಪ್ಪಿನ ರನ್ನರ್ ಬೆನ್ನಿಗೆ ಅಂಕಿ ಇರುತ್ತದೆ: 5, 8, 10. ಹೆಚ್ಚುಕಡಿಮೆ ಮುಚ್ಚಿದ ಹಲ್ಲಿನ ಅಗಲ, ಮಿಲಿಮೀಟರಿನಲ್ಲಿ. ದೊಡ್ಡ ಬಾಯಿಗೆ 8 ಅಥವಾ 10 ಇರಲಿ, ಸಣ್ಣ ಜೇಬಿಗೆ 5 ಸಾಕು. ವೈಕೆಕೆ ಎಂದು ಕೊರೆದಿದ್ದರೆ ಅದು ಜಪಾನಿನ ಹಳೆಯ ಹೆಸರು, ನಾನು ನಂಬುತ್ತೇನೆ. ಮೂಲೆಯಲ್ಲಿ ಜಿಪ್ ತೀರ ಕಡಿದಾಗಿ ತಿರುಗಬಾರದು, ಅಲ್ಲೇ ಮೊದಲು ಬಾಯಿಬಿಡುವುದು.

ಬಟ್ಟೆಯ ಮೇಲೆ 600, 1000 ಎಂದು ಡಿನಿಯರ್ ಬರೆದಿರುತ್ತಾರೆ. ಅದನ್ನು ಅಂಕಪಟ್ಟಿಯಂತೆ ಓದಬೇಡ. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡಿನಿಯರ್. 1000 ಎಂದರೆ ಅಷ್ಟುದ್ದದ ಎಳೆ ಒಂದು ಕಿಲೋ. ಎಳೆ ದಪ್ಪ ಎಂದಷ್ಟೇ ಅರ್ಥ, ಒಳ್ಳೆಯದು ಎಂದಲ್ಲ. ಕಾರ್ಡುರಾ ಎಂಬ ಹೆಸರಿನ ಒಳ್ಳೆಯ ನೈಲಾನ್ ಬಟ್ಟೆ 500 ಡಿನಿಯರಿನದಾದರೂ ಅಗ್ಗದ 600 ಪಾಲಿಯೆಸ್ಟರನ್ನು ಮೀರಿಸುತ್ತದೆ. ಉಜ್ಜುವಿಕೆಗೆ ನೈಲಾನ್ ಗಟ್ಟಿ. ಆದರೆ ಬಿಸಿಲಿಗೆ ಪಾಲಿಯೆಸ್ಟರೇ ಹೆಚ್ಚು ತಾಳುತ್ತದೆ. ಅಮೆರಿಕದವರು ಕಾಡಿನ ನೆರಳಿನಲ್ಲಿ ಆಡಿ ಚೀಲ ಹೊಗಳಿದ್ದರೆ, ಅದು ಬಳ್ಳಾರಿಯ ಏಪ್ರಿಲ್ ನೋಡದ ಹೊಗಳಿಕೆ.

ದಾರದ ವಿಷಯದಲ್ಲಿ ನನ್ನದೊಂದು ತಪ್ಪು ಹೇಳಿಕೊಂಡುಬಿಡುತ್ತೇನೆ. ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಔಷಧ ಮಾರಾಟಗಾರರಿಗೆ ದೊಡ್ಡ ಹೆಗಲಚೀಲ ಹೊಲಿದುಕೊಟ್ಟೆ. ಘಟಕದಿಂದ ತಂದ ಹಳದಿ ಹತ್ತಿ ದಾರ ಮನೆಯಲ್ಲಿ ಉಳಿದಿತ್ತು, ಬಣ್ಣವೂ ಚೆನ್ನಾಗಿ ಒಪ್ಪುತ್ತದೆಂದು ಅದನ್ನೇ ಏರಿಸಿದೆ. ಒಂದು ಬೇಸಿಗೆ, ಒಂದು ಮಳೆಗಾಲ. ಬೆವರು ಕುಡಿದು ಕುಡಿದು ದಾರ ಪುಡಿಯಾಯಿತು. ಬಸ್ ನಿಲ್ದಾಣದಲ್ಲಿ ಚೀಲ ಬಿಚ್ಚಿಕೊಂಡು ಸಿರಪ್ ಬಾಟಲಿಗಳು ಒಡೆದವು. ಅವರು ಬೈಯಲಿಲ್ಲ, ಚೀಲವನ್ನು ತಂದು ಮೇಜಿನ ಮೇಲಿಟ್ಟು ಹೋದರು. ಅಂದಿನಿಂದ ಚೀಲಕ್ಕೆ ದಪ್ಪ ಪಾಲಿಯೆಸ್ಟರ್ ದಾರ ಬಿಟ್ಟು ಬೇರೆ ಮುಟ್ಟಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಇನ್ನೋವಾ, ಡಿಸ್ಕ್‌ಕ್ರಾಫ್ಟ್, ಡೈನಾಮಿಕ್ ಡಿಸ್ಕ್ಸ್, ಪ್ರಾಡಿಜಿ, ಇವರೆಲ್ಲ ಡಿಸ್ಕನ್ನೂ ಮಾರುತ್ತಾರೆ, ಚೀಲವನ್ನೂ ಮಾರುತ್ತಾರೆ. ಗ್ರಿಪ್ ಎಂಬ ಕಂಪನಿಗೆ ಚೀಲವೇ ಕಸುಬು. ಒಂದೇ ಹೆಸರಿನಡಿ ಸಾಧಾರಣದ್ದೂ ಇರುತ್ತದೆ, ಒಳ್ಳೆಯದೂ ಇರುತ್ತದೆ. ಆದ್ದರಿಂದ ಹೆಸರಿಗಿಂತ ಬುಡ ನೋಡಲಿ ಎಂದೇ ಹೇಳುವೆ. ಕೊಂಡ ಮೇಲೆ ಪಾರ್ಸೆಲ್ ಹಾಕುವುದು ಬೇಡ, ಸುಂಕ ತೆತ್ತು ಬಿಡಿಸಿಕೊಳ್ಳಬೇಕಾದೀತು. ತಮ್ಮ ಬಟ್ಟೆ ತುಂಬಿಕೊಂಡು ಹೆಗಲಿಗೆ ಹಾಕಿಕೊಂಡೇ ಬರಲಿ. ಬೆನ್ನಿಗೆ ಹೇಗೆ ಕೂರುತ್ತದೆಂದು ಅವರಿಗೂ ಗೊತ್ತಾಗುತ್ತದೆ.

ಮತ್ತೆ, 25 ಡಿಸ್ಕಿನ ಆಸೆ ಬಿಡು. ಇರುವುದು 14. ಅವುಗಳಲ್ಲಿ ನೀನು ಎಸೆಯುವುದು ಏಳೆಂಟು ಎಂದು ನಿನ್ನ ಗೆಳೆಯನೇ ನನ್ನೆದುರು ಹೇಳಿದ. ಜಾಗ ಇದ್ದಷ್ಟೂ ತುಂಬುತ್ತೇವೆ, ಅದು ಚೀಲಕ್ಕೂ ಸರಿ, ಮನೆಯ ಅಟ್ಟಕ್ಕೂ ಸರಿ. ಆಡಿ ಬಂದ ಮೇಲೆ ಚೀಲವನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡ. ಡಿಸ್ಕ್ ಮೆತ್ತಗಾಗಿ ಒತ್ತಿದ ಕಡೆ ಸೊಟ್ಟಗಾಗುತ್ತದೆ.

ಕಾಲೇಜಿನ ಚೀಲ ರೆಡಿ ಇದೆ. ಪಟ್ಟಿಯ ಬುಡಕ್ಕೆ ಒಳಗಿನಿಂದ ಅಂಗೈಯಗಲ ಜೀನ್ಸ್ ತುಂಡು ಕೊಟ್ಟು ಬಾರ್‌ಟ್ಯಾಕ್ ಹಾಕಿಸಿದ್ದೇನೆ. ದೀಪಾವಳಿಯವರೆಗೆ ಬರುತ್ತದೆ, ಬಂದು ಒಯ್ಯಿ.

*

ಅಕ್ಕನವರೇ, ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ತಂಡ ಕಟ್ಟಿಕೊಂಡು ಡಿಸ್ಕ್ ಎಸೆದು ಹಿಡಿಯುವ ಅಲ್ಟಿಮೇಟ್ ಆಟದ ದೊಡ್ಡ ಡಿಸ್ಕ್ 6, ಡಿಸ್ಕ್ ಗಾಲ್ಫಿನ ಸಣ್ಣವು 18 ನಮ್ಮಲ್ಲಿವೆ. ಎರಡೂ ಹಿಡಿಯುವ ಒಳ್ಳೆಯ ಚೀಲ ಯಾವುದು? ಚಕ್ರದ ಗಾಡಿಯೂ ಸಿಗುತ್ತದಂತೆ, ಅದನ್ನೇ ತರಿಸಬಹುದೇ? ಶಾಲೆಯ ದುಡ್ಡು, ಲೆಕ್ಕ ಕೊಡಬೇಕು.
— ರಾಯಚೂರು ತಾಲ್ಲೂಕಿನಿಂದ

ಸರ್, ತರಿಸಬೇಡಿ, ಹೊಲಿಸಿ. ಅಲ್ಟಿಮೇಟ್ ಡಿಸ್ಕ್ ತೂಕದಲ್ಲಿ ಇವುಗಳ ಅಣ್ಣತಮ್ಮನೇ, 175 ಗ್ರಾಂ. ಆದರೆ ಅಗಲ 27 ಸೆಂಟಿಮೀಟರ್. ಗಾಲ್ಫ್ ಡಿಸ್ಕಿನ ಅಳತೆಗೆ ಮಾಡಿದ ಚೀಲದಲ್ಲಿ ಅದು ನಿಲ್ಲುವುದಿಲ್ಲ, ಓರೆಯಾಗಿ ತುರುಕಿದರೆ ಜಿಪ್ಪಿನ ಮೇಲೆ ಭಾರ. ಎರಡಕ್ಕೂ ಒಂದೇ ಚೀಲ ಬೇಕೆಂದರೆ ಒಳಗೆ ಎರಡು ಅಂತಸ್ತು ಬೇಕು.

ರಾಯಚೂರಿನಲ್ಲಿ ತಾಡಪತ್ರಿ ಹೊಲಿಯುವವರಿಗೆ ಕೊರತೆಯಿಲ್ಲ. ಅವರ ಯಂತ್ರ ದಪ್ಪ ಬಟ್ಟೆಯನ್ನು ಬೆಣ್ಣೆಯಂತೆ ಹೊಲಿಯುತ್ತದೆ. ತಳಕ್ಕೂ ಹೊರಮೈಗೂ ತಾಡಪತ್ರಿ, ಒಳಗೆ ತೆಳು ಫೋಮ್, ಅದರ ಮೇಲೆ ನಯವಾದ ಅಸ್ತರು. ಕೆಳಗಿನ ಅಂತಸ್ತು ಸಣ್ಣ ಡಿಸ್ಕುಗಳಿಗೆ: ಆಳ 24, ಎತ್ತರ 24, ಉದ್ದ 38 ಸೆಂಟಿಮೀಟರ್. ನಿಮ್ಮ ಹದಿನೆಂಟನ್ನೂ ಸಾಲಾಗಿ ನಿಲ್ಲಿಸಿ ಟೇಪಿನಿಂದ ಒಮ್ಮೆ ಅಳೆದು ಎರಡು ಬೆರಳು ಹೆಚ್ಚಿಗೆ ಇಡಿಸಿ, ಏಕೆಂದರೆ ಡಿಸ್ಕುಗಳ ದಪ್ಪ ಒಂದೇ ಇರುವುದಿಲ್ಲ. ದೊಡ್ಡ ಆರನ್ನು ಬೆನ್ನಿನ ಕಡೆ ಚಪ್ಪಟೆ ಜೇಬಿನಲ್ಲಿ ಎರಡು ಸಾಲಾಗಿ ಇಳಿಬಿಡಿ.

ಅವರಿಗೆ ತಪ್ಪದೆ ಒಂದು ಮಾತು ಹೇಳಿ. ಹೆಗಲಪಟ್ಟಿಯನ್ನು ಮೇಲೊಂದು ತುಂಡು, ಕೆಳಗೊಂದು ತುಂಡು ಎಂದು ಹೊಲಿಯಬಾರದು. ಒಂದೇ ಅಖಂಡ ನೈಲಾನ್ ಪಟ್ಟಿ ಮೇಲಿನಿಂದ ಬೆನ್ನಗುಂಟ ಇಳಿದು, ತಳದ ಅಡಿಯಲ್ಲಿ ಹಾದು, ಮುಂದಿನಿಂದ ಮೇಲೆ ಬರಬೇಕು. ಕಟ್ಟಿಗೆ ಹೊರೆಗೆ ಹಗ್ಗ ಸುತ್ತುವಂತೆ. ಆಗ ಭಾರವನ್ನು ಪಟ್ಟಿ ಹೊರುತ್ತದೆ, ಹೊಲಿಗೆ ಅದು ಜಾರದಂತೆ ಹಿಡಿದುಕೊಂಡಿರುತ್ತದೆ ಅಷ್ಟೇ. ಹುಡುಗರ ಕೈಯಲ್ಲಿ ಹತ್ತು ವರ್ಷ ಬಾಳಬೇಕಾದ ಚೀಲಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಮಕ್ಕಳು ಎರಡು ಚೀಲ ಹೊರಲು ತಯಾರಿದ್ದರೆ ಇನ್ನೂ ಒಳ್ಳೆಯದು, ಎಂಟನೇ ತರಗತಿಯ ಹುಡುಗಿಯ ಬೆನ್ನಿಗೆ ಆರು ಕಿಲೋ ಹೇರುವುದು ತಪ್ಪುತ್ತದೆ.

ಗಾಡಿ ಬೇಡ. ನಮ್ಮ ಕಡೆ ಬಯಲು ಎಂದರೆ ಬಳ್ಳಾರಿ ಜಾಲಿ. ಊರಿನ ಹೆಸರನ್ನೇ ಹೊತ್ತುಕೊಂಡಿರುವ ಆ ಗಿಡ ಗಾಳಿ ತುಂಬಿದ ಯಾವ ಚಕ್ರವನ್ನೂ ಉಳಿಸಿದ್ದಿಲ್ಲ. ಗಟ್ಟಿ ರಬ್ಬರಿನ ಸಣ್ಣ ಚಕ್ರ ಎರೆಯ ಬಿರುಕಿನಲ್ಲಿ ಕೂತುಬಿಡುತ್ತದೆ.

*

ನಾನು ಸಾಣಾಪುರದ ಕಡೆ ಬಂಡೆ ಹತ್ತಲು ಬರುವವರಿಗೆ ದಾರಿ ತೋರಿಸುವವನು. ಹೋದ ವರ್ಷ ಬಂದ ವಿದೇಶಿ ಗೆಳೆಯರು ಹತ್ತು ಡಿಸ್ಕ್ ಬಿಟ್ಟುಹೋಗಿದ್ದಾರೆ. ನನ್ನ ಬಳಿ 50 ಲೀಟರಿನ ಒಳ್ಳೆಯ ಚಾರಣದ ಚೀಲ ಇದೆ. ಅದೇ ಸಾಲದೇ?
— ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಹೊರಲು ಸಾಕು, ಆಡಲು ಸಾಲದು. ಆ ಚೀಲದ ಪಟ್ಟಿ, ಬೆನ್ನಿನ ಚೌಕಟ್ಟು ಆಟದ ಚೀಲಗಳಿಗಿಂತ ಚೆನ್ನಾಗಿಯೇ ಇರುತ್ತವೆ. ಆದರೆ ಅದರ ಬಾಯಿ ಮೇಲೆ. ಡಿಸ್ಕ್ ಬಾವಿಗೆ ಬಿದ್ದ ತಂಬಿಗೆಯಂತೆ ತಳ ಸೇರುತ್ತದೆ, ಬೇಕಾದದ್ದು ಯಾವಾಗಲೂ ಅಡಿಯಲ್ಲೇ. ಮುಂಭಾಗದಲ್ಲಿ ಅರ್ಧಚಂದ್ರದಂತೆ ತೆರೆಯುವ ಜಿಪ್ ಇದೆಯೇ ನೋಡಿ. ಇದ್ದರೆ ಒಂದು ರಟ್ಟಿನ ಪೆಟ್ಟಿಗೆಯನ್ನು ಅಳತೆಗೆ ಕತ್ತರಿಸಿ ಒಳಗಿಟ್ಟು, ಅದರಲ್ಲಿ ಡಿಸ್ಕ್ ನಿಲ್ಲಿಸಿ. ಮೇಲೆ ನೀರು, ಊಟ.

ಇಲ್ಲದಿದ್ದರೆ ಹತ್ತೇ ಡಿಸ್ಕಿಗೆ ಒಂದೇ ಹೆಗಲಿನ ಸಣ್ಣ ಚೀಲ ಸಾಕು. ಬಂಡೆಗಳ ನಡುವೆ ನುಸುಳಿಕೊಂಡು ಆಡುವವರಿಗೆ ಅದೇ ಹಗುರ. ಆದರೆ ತಳಕ್ಕೆ ದಪ್ಪ ಬಟ್ಟೆ ಕೊಡಿಸಿ. ನಿಮ್ಮ ಕಡೆಯ ಕಲ್ಲು ಉಪ್ಪುಕಾಗದದಂತೆ ಉಜ್ಜುತ್ತದೆ. ಬಂಡೆ ಹತ್ತುವವರು ಬೀಳುವ ಜಾಗಕ್ಕೆ ಹಾಸುವ ಮೆತ್ತೆಯೊಂದು ನನ್ನಲ್ಲಿಗೆ ಹೊಲಿಗೆಗೆ ಬಂದಿತ್ತು, ಅದರ ಮೂಲೆ ನೋಡಿಯೇ ಗೊತ್ತಾಯಿತು.

*

ಮಗ ಹೈದರಾಬಾದಿಗೆ ಹೋಗುವಾಗ ತನ್ನ ದುಬಾರಿ ಆಟದ ಚೀಲವನ್ನು ಮನೆಯಲ್ಲೇ ಬಿಟ್ಟುಹೋದ. ಎರಡು ವರ್ಷ ಅಟ್ಟದ ಮೇಲಿತ್ತು. ಈಗ ತೆಗೆದರೆ ಒಳಗೆಲ್ಲ ಅಂಟು, ಬಿಳಿ ಹೊಟ್ಟು ಉದುರುತ್ತದೆ, ವಾಸನೆ ಬೇರೆ. ಸೋಪಿನ ಪುಡಿ ಹಾಕಿ ಒಗೆದೆ, ಇನ್ನೂ ಹೆಚ್ಚಾಯಿತು. ತಪ್ಪು ನನ್ನದೇ?
— ಸಿರುಗುಪ್ಪ

ಅಮ್ಮಾ, ನಿಮ್ಮದಲ್ಲ. ನೀರು ಇಳಿಯದಂತೆ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಎಂಬ ಪದರ ಬಳಿದಿರುತ್ತಾರೆ. ಗಾಳಿಯ ತೇವ ಮತ್ತು ಸೆಕೆ ಸೇರಿ ವರ್ಷಗಟ್ಟಲೆ ಅದನ್ನು ಒಡೆಯುತ್ತವೆ. ಮೊದಲು ಅಂಟುತ್ತದೆ, ಆಮೇಲೆ ಸುಲಿಯುತ್ತದೆ. ತಗಡಿನ ಚಾವಣಿಯ ಕೆಳಗಿನ ಅಟ್ಟ ಅದಕ್ಕೆ ಒಲೆ ಇದ್ದಂತೆ. ಒಗೆದರೆ ಹೋಗುವ ಕೊಳೆಯಲ್ಲ ಅದು, ಪದರವೇ ಕಳಚಿಕೊಳ್ಳುತ್ತಿದೆ.

ಪೂರ್ತಿ ಕಳಚಿಸಿಬಿಡಿ. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಒರಟು ಬ್ರಷ್ಷಿನಿಂದ ಒಳಮೈ ಉಜ್ಜಿ, ನೆರಳಿನಲ್ಲಿ ತಿರುಗಿಸಿ ಒಣಗಿಸಿ. ಎರಡು ಮೂರು ಸಲ ಮಾಡಬೇಕಾದೀತು. ಬಟ್ಟೆ, ಜಿಪ್, ಪಟ್ಟಿ ಗಟ್ಟಿ ಇದ್ದರೆ ಚೀಲ ಇನ್ನೂ ಐದು ವರ್ಷ ಬರುತ್ತದೆ, ಮಳೆಗೆ ಮಾತ್ರ ಒಳಗೊಂದು ಪ್ಲಾಸ್ಟಿಕ್ ಹಾಳೆ ಬೇಕು. ಹೊಸ ಚೀಲ ಕೊಳ್ಳುವವರೂ ಒಳಗೆ ಮೂಗಿಟ್ಟು ನೋಡಿ, ಬೆರಳಿನಿಂದ ತಿಕ್ಕಿ ನೋಡಿ. ಗೋದಾಮಿನಲ್ಲಿ ಕೂತು ಮುದಿಯಾದ ಮಾಲು ಅಂಗಡಿಯಲ್ಲೇ ಸ್ವಲ್ಪ ಅಂಟುತ್ತದೆ.

ಮಗನಿಗೆ ಒಂದು ಮಾತು ಬೈಯಿರಿ, ತೊಂದರೆಯಿಲ್ಲ.

*

ಹೋದ ತಿಂಗಳು ನೀವು ಬಿಗಿಯಾದ ಜಿಪ್ಪಿಗೆ ಮೇಣದಬತ್ತಿ ಉಜ್ಜಿರಿ ಎಂದಿರಿ. ಹಾಗೇ ಮಾಡಿದೆ. ವಾರದಲ್ಲಿ ಕೆಂಪು ಧೂಳು ಮೆತ್ತಿಕೊಂಡು ಜಿಪ್ ಕಲ್ಲಾಯಿತು. ನಿಮ್ಮ ಸಲಹೆಗೆ ಧನ್ಯವಾದ.
— ಲಾರಿ ಮಾಲೀಕ, ಸಂಡೂರು ರಸ್ತೆ

ಅಣ್ಣಾ, ನೀವು ಅಂಗಡಿಗೆ ಕಳಿಸಿದ ಚೀಲ ತೆರೆದು ನೋಡಿದೆ. ಅದರಲ್ಲಿ ಮೇಣದ ಗುರುತೇ ಇಲ್ಲ, ಕಡಲೆಕಾಯಿ ಎಣ್ಣೆಯ ವಾಸನೆ ಇದೆ. ಎಣ್ಣೆಗೂ ಅದಿರಿನ ಧೂಳಿಗೂ ಹುಟ್ಟುವುದು ಸಾಣೆಯ ಹಿಟ್ಟು, ಅದು ರನ್ನರಿನ ಹೊಟ್ಟೆಯನ್ನೇ ಸವೆಸುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಪು ಹಚ್ಚಿ ಹಲ್ಲು ತಿಕ್ಕಿ ಒಣಗಿಸಿದ್ದೇನೆ. ರನ್ನರ್ ಸಡಿಲವಾಗಿತ್ತು, ಇಕ್ಕಳದಿಂದ ಎರಡೂ ಬದಿ ಕೂದಲೆಳೆಯಷ್ಟು ಒತ್ತಿದೆ, ಸದ್ಯಕ್ಕೆ ಹಲ್ಲು ಕೂಡುತ್ತಿದೆ. ಮತ್ತೆ ಬಾಯಿಬಿಟ್ಟರೆ ರನ್ನರ್ ಬದಲಿಸಬೇಕು, ಇಡೀ ಜಿಪ್ ಅಲ್ಲ. ಯಾರಾದರೂ ಇಡೀ ಜಿಪ್ ಹಾಕಬೇಕೆಂದರೆ ಚೀಲ ಎತ್ತಿಕೊಂಡು ಬನ್ನಿ. ಮೇಣದಬತ್ತಿ ಒಂದನ್ನು ಚೀಲದೊಳಗೇ ಇಟ್ಟಿದ್ದೇನೆ, ಅದಕ್ಕೆ ದುಡ್ಡಿಲ್ಲ.